ಸಾರ್ವಜನಿಕರಲ್ಲಿ ವಿನಂತಿ

ಬಳ್ಳಾರಿಯವರು ಸಮುದ್ರ ನೋಡಬೇಕೆಂದರೆ ಸಂಜೆ ರೈಲು ಹತ್ತಿ ರಾತ್ರಿಯೆಲ್ಲ ಕೂತಿರಬೇಕು. ಆದರೂ ಆ ದಿನ ಮುಂಜಾನೆ ಕೌಲ್ ಬಜಾರಿನ ಸಂದಿಗಳಲ್ಲಿ ಕಸದ ಆಟೊ ಹೀಗೆ ಕೂಗುತ್ತ ಹೋಯಿತು:

"ಮೀನುಗಾರರು ಯಾವುದೇ ಕಾರಣಕ್ಕೂ ಕಡಲಿಗೆ ಇಳಿಯಬಾರದು. ದೋಣಿಗಳನ್ನು ದಡಕ್ಕೆಳೆದು ಭದ್ರವಾಗಿ ಕಟ್ಟತಕ್ಕದ್ದು."

ಆಟೊದ ಹಿಂದೆ ಬುಟ್ಟಿ ಹಿಡಿದು ನಡೆಯುತ್ತಿದ್ದವಳು ಜಡೆಮ್ಮ. ಚಹಾದಂಗಡಿಯ ಮುಂದೆ ಕೂತವರು ಅವಳನ್ನು ತಡೆದು ನಿಲ್ಲಿಸಿದರು.

"ಜಡೆಮ್ಮಾ, ನಿನ್ನ ದೋಣಿ ಎಲ್ಲಿ ಕಟ್ಟೀಬೇ?"

"ನಿಮ್ಮ ಮನಿ ಮುಂದಿನ ಚರಂಡ್ಯಾಗ ಬಿಟ್ಟೀನ್ರಿ. ಕಸದಾಗ ಸಿಕ್ಕೊಂಡು ಹೊಳ್ಳಿ ಬರವಲ್ದು."

ನಕ್ಕರು. ಅವಳೂ ನಕ್ಕಳು. ಆಟೊ ಓಡಿಸುವ ಗಾದೆಪ್ಪ ಮಾತ್ರ ನಗಲಿಲ್ಲ. ದನಿ ಸಣ್ಣದು ಮಾಡಿದರೆ ಮೇಲಿನವರು ಬೈಯುತ್ತಾರೆ, ದೊಡ್ಡದು ಮಾಡಿದರೆ ಊರು ನಗುತ್ತದೆ. ಅವನಿಗೆ ಎರಡೂ ಕಷ್ಟ.

ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತ ಆಂಧ್ರದ ಕರಾವಳಿಯ ಕಡೆ ಹೊರಟಿತ್ತು. ಟಿ.ವಿ.ಯ ತೆಲುಗು ಚಾನೆಲ್ಲುಗಳಲ್ಲಿ ಹಗಲೂ ರಾತ್ರಿ ಅದೇ ಸುದ್ದಿ. ಅದರ ಬಾಲ ಬಳ್ಳಾರಿ ಸೀಮೆಗೂ ತಾಗಿ ಜೋರು ಮಳೆ ಆಗುತ್ತದೆಂದು ಹವಾಮಾನದವರು ಹೇಳಿದ್ದರು. ಆದರೆ ಕರಾವಳಿಗೆಂದು ತಯಾರಾದ ಎಚ್ಚರಿಕೆಯೇ ಫೋನಿನಿಂದ ಫೋನಿಗೆ ಹಾರುತ್ತ ಬಂದು ಈ ಆಟೊದ ಪೆನ್‌ಡ್ರೈವಿನಲ್ಲಿ ಕೂತಿತ್ತು. ನಡುವೆ ಯಾರೂ ಅದನ್ನು ಕೇಳಿಸಿಕೊಂಡಿರಲಿಲ್ಲ. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಕಾಲೇಜಿಗೂ ರಜೆ. ಕಸ ಗುಡಿಸುವವರ ವಾರದ ರಜೆ ಮಾತ್ರ ರದ್ದು.

ಹತ್ತು ಗಂಟೆಯ ಸುಮಾರಿಗೆ ಹೆಲ್ತ್ ಇನ್‌ಸ್ಪೆಕ್ಟರ್ ಸಂಗಮೇಶ್ ಬೈಕಿನಲ್ಲಿ ಧಾವಿಸಿ ಬಂದ. ಯಾರೋ ಮೀನುಗಾರರ ಕೂಗನ್ನು ವಿಡಿಯೊ ಮಾಡಿ ಊರಿಗೆಲ್ಲ ಹಂಚಿದ್ದರು. ಇನ್ನೂ ಹುಡುಗನೇ ಆದ ಸಂಗಮೇಶನ ಮುಖ ಸಪ್ಪಗಾಗಿತ್ತು.

"ಅದನ್ನ ಬಂದ್ ಮಾಡೋ ಗಾದೆಪ್ಪ. ಜಡೆಮ್ಮ, ನಿನ್ನ ದನಿ ದೊಡ್ಡದೈತಿ. ಮೈಕಿನಾಗ ನೀನ ಹೇಳು. ನಾ ಹೇಳಿಕೊಡ್ತೀನಿ."

ತಾಯಿಯ ವಯಸ್ಸಿನವಳನ್ನು 'ನೀನು' ಅನ್ನುವುದು ಅವನಿಗೆ ಕೆಲಸಕ್ಕೆ ಸೇರಿದ ದಿನವೇ ಬಂದಿತ್ತು. ಜಡೆಮ್ಮನಿಗೆ ಓದು ಬಾರದು. ಅವನು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡಳು. ಪುಸ್ತಕದ ಮಾತು ನಾಲಿಗೆಗೆ ಒಗ್ಗದ ಕಡೆ ತನ್ನ ಮಾತು ಹಾಕಿಕೊಂಡಳು. ಮೈಕು ಹಿಡಿದು ಆಟೊದಲ್ಲಿ ಗಾದೆಪ್ಪನ ಪಕ್ಕದಲ್ಲಿ ಕೂತಳು. ಇಷ್ಟು ವರ್ಷ ಅದರ ಹಿಂದೆ ನಡೆದವಳು ಅದರಲ್ಲಿ ಕೂತದ್ದು ಅದೇ ಮೊದಲು.

"ಸಾರ್ವಜನಿಕರಲ್ಲಿ ವಿನಂತಿ. ಇವತ್ತು ಸಂಜಿಕ ತುಫಾನಿನ ಮಳಿ ಬರತೈತಿ. ಯಾರೂ ಮನಿ ಬಿಟ್ಟು ಹೊರಗ ಬರಬ್ಯಾಡ್ರಿ. ಕರೆಂಟಿನ ಕಂಬ ಮುಟ್ಟಬ್ಯಾಡ್ರಿ. ಚರಂಡಿ, ಮ್ಯಾನ್‌ಹೋಲ್ ಕಡಿ ಹೋಗಬ್ಯಾಡ್ರಿ. ಮಕ್ಕಳನ್ನ ಬಿಡಬ್ಯಾಡ್ರಿ. ಜೀವ ದೊಡ್ಡದು."

ಕೊನೆಯ ಮಾತು ಸಂಗಮೇಶ್ ಹೇಳಿಕೊಟ್ಟದ್ದಲ್ಲ, ಅವಳದೇ.

ಜನ ಕೇಳಿದರು. ಬಾಗಿಲಿಗೆ ಬಂದು ನಿಂತು ಕೇಳಿದರು. ಹೊಲಿಗೆ ಮಷೀನು ನಿಲ್ಲಿಸಿ ಕೇಳಿದರು. 'ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ಕೊಡ್ರಿ' ಎಂದು ದಿನಾ ಇದೇ ಬಾಗಿಲುಗಳ ಮುಂದೆ ಗಂಟಲು ಹರಿದುಕೊಂಡಾಗ ಯಾರೂ ತಿರುಗಿ ನೋಡಿದ್ದಿಲ್ಲ. ಇಂದು ಮುದುಕರು, "ಆಕಿ ಹೇಳಾಕತ್ತಾಳ, ಒಳಗ ಬರ್ರಿ" ಎಂದು ಮೊಮ್ಮಕ್ಕಳನ್ನು ಕರೆದುಕೊಂಡರು. ಜಡೆಮ್ಮನ ಎದೆ ಉಬ್ಬಿತು.

ದಾಕ್ಷಾಯಣಿ ಎಂಬ ಗೃಹಿಣಿ ಗೇಟಿಗೇ ಬಂದಳು. "ಎಷ್ಟು ಚಂದ ಹೇಳತೀಯವಾ. ಜೀವ ದೊಡ್ಡದು ಅಂದಿದ್ದು ನನಗ ಬಾಳ ಹಿಡಿಸ್ತು ನೋಡು."

"ಗಂಟಲಾ ಆರೈತ್ರಿ ಅಕ್ಕಾರ. ಒಂದೀಟು ನೀರು ಕೊಡ್ರಿ."

ದಾಕ್ಷಾಯಣಿ ತಂಬಿಗೆ ತಂದಳು. ಜಡೆಮ್ಮ ಬೊಗಸೆ ಒಡ್ಡಿದಳು. ತಂಬಿಗೆ ಮೇಲಿಂದಲೇ ಬಗ್ಗಿತು, ಬೊಗಸೆಗೆ ತಾಗದಷ್ಟು ಎತ್ತರದಿಂದ. ಅರ್ಧ ನೀರು ಮೊಣಕೈಗಿಳಿದು ರವಿಕೆ ತೋಯಿಸಿತು. ದೊಡ್ಡ ಜೀವ ಉಳಿದರ್ಧ ಕುಡಿದು ಮುಂದಿನ ಓಣಿಗೆ ಹೋಯಿತು.

ಮಧ್ಯಾಹ್ನ ಸಿರುಗುಪ್ಪದಿಂದ ತಂಗಿ ಪಕ್ಕೀರಮ್ಮನ ಫೋನು ಬಂತು. ಅವಳು ಅಲ್ಲಿ ನೆಲ್ಲಿನ ಕಣದಲ್ಲಿ ಕೂಲಿ.

"ಅಕ್ಕಾ, ನೆಲ್ಲೆಲ್ಲ ಗುಡ್ಡಿ ಹಾಕಿ ತಾಡಪತ್ರಿ ಹೊಚ್ಚಾಕತ್ತೀವಿ. ಕಾಲುವಿ ದಂಡ್ಯಾಗಿರೋ ನಮ್ಮ ಗುಡಿಸಲಿಗೆ ಒಂದು ಹಳೇದು ಕೊಡ್ರಿ ಅಂದ್ರ, ನೆಲ್ಲು ತೊಯ್ದ್ರ ಮೊಳಕಿ ಬರತೈತಿ, ನೀವು ತೊಯ್ದ್ರ ಏನು ಬರತೈತಿ ಅಂತ ಕಣದ ಧಣೇರು ನಗತಾರ."

"ನೀ ಏನಂದಿ?"

"ನೆಗಡಿ ಬರತೈತಿ ಅಂದೆ."

ಜಡೆಮ್ಮ ನಗಲು ಹೋದಳು, ನಗು ಬರಲಿಲ್ಲ. "ಮಕ್ಕಳನ್ನ ಕರಕೊಂಡು ಸಾಲಿ ವರಾಂಡಕ್ಕ ಹೋಗು. ಯಾರರ ತಡದ್ರ ತುಫಾನು ಮುಗಿಯೋತನ ಬೈಸಿಕೋ. ಅಲ್ಲಿಂದ ಮಾತ್ರ ಏಳಬ್ಯಾಡ."

ಅಷ್ಟರಲ್ಲಿ ಆಟೊದ ಮುಂದೆ ಬಿಳಿ ಕಾರೊಂದು ನಿಂತಿತು. ಇಳಿದವನು ತಿಪ್ಪೇರುದ್ರಪ್ಪ. ಕಸದ ಕೆಲಸದ ಗುತ್ತಿಗೆ ಹಿಡಿದವನು. ಜಡೆಮ್ಮ, ಗಾದೆಪ್ಪ, ಕಸ ಗುಡಿಸುವ ಇನ್ನುಳಿದ ಹೆಂಗಸರು ಎಲ್ಲ ಅವನ ಕೈಕೆಳಗಿನವರು. ಗರಿಗರಿ ಬಿಳಿ ಅಂಗಿ, ಬಿಳಿ ಪ್ಯಾಂಟು. ಕಸದಲ್ಲಿ ಬೆಳ್ಳಗಾದವನು ಎಂದು ಗಾದೆಪ್ಪ ಹಿಂದಿನಿಂದ ಆಡಿಕೊಳ್ಳುತ್ತಿದ್ದ.

"ಒದರಿದ್ದು ಸಾಕು. ಎಲ್ಲರೂ ದೊಡ್ಡ ಚರಂಡಿಗೆ ನಡೀರಿ."

ಆ ದೊಡ್ಡ ಚರಂಡಿ ಬಜಾರಿನ ಹಿಂದೆ, ಕಲ್ಲುಚಪ್ಪಡಿಗಳ ಕೆಳಗೆ ಹರಿಯುತ್ತದೆ. ಹರಿಯುತ್ತಿತ್ತು ಅನ್ನಬೇಕು. ಜೀನ್ಸ್ ತೊಳೆದ ನೀಲಿ ನೀರು, ಮಾಂಸದಂಗಡಿಯ ನೀರು, ಮನೆಮನೆಗಳ ಕಕ್ಕಸಿನ ನೀರು, ಎಲ್ಲ ಸೇರಿ ಒಂದು ಕಡೆ ಕಟ್ಟಿ ನಿಂತಿತ್ತು. ಮಳೆ ಬಂದರೆ ಅದು ಉಕ್ಕುವುದು ಮೊದಲು ತಿಪ್ಪೇರುದ್ರಪ್ಪನದೇ ಕಲ್ಯಾಣ ಮಂಟಪದ ನೆಲಮಾಳಿಗೆಗೆ. ಮರುದಿನ ಅಲ್ಲಿ ಮದುವೆ. ಅಡುಗೆ ಸಾಮಾನು ಆಗಲೇ ಬಂದು ಬಿದ್ದಿತ್ತು.

"ಧಣಿ, ಮಷೀನ್ ಗಾಡಿ ಕರಸ್ರಿ. ಪೈಪು ಬಿಟ್ರ ಒಂದು ತಾಸಿನಾಗ ಬಿಚ್ಚಕೊಂತೈತಿ" ಎಂದ ಗಾದೆಪ್ಪ.

"ಮಷೀನು ಗ್ರೌಂಡಿನಾಗ ಐತಿ. ತುಫಾನಿಗೆ ನಾವು ರೆಡಿ ಅದೀವಿ ಅಂತ ತೋರಿಸಾಕ ಇವತ್ತು ದೊಡ್ಡ ಪ್ರದರ್ಶನ. ಮಂತ್ರಿಗಳ ಕಡೆಯೋರು ಬರ್ತಾರ. ತೊಳದು ಹೂವಿನ ಹಾರ ಹಾಕಿ ನಿಲ್ಲಿಸ್ಯಾರ. ಅದನ್ನ ಈ ರಾಡ್ಯಾಗ ತಂದು ಹೊಲಸು ಮಾಡ್ಲೇನು?"

"ಮತ್ತ ಮುಖಕ್ಕ ಹಾಕ್ಕೊಳ್ಳೋ ಮಾಸ್ಕು, ಬೂಟು?"

"ಅವೂ ಅಲ್ಲೇ ಟೇಬಲ್ ಮ್ಯಾಲ ಅದಾವ."

ಹೊಲಸು ಮಾಡಬಾರದ್ದೆಲ್ಲ ಗ್ರೌಂಡಿನಲ್ಲಿತ್ತು. ಹೊಲಸಾದರೂ ನಡೆಯುವುದು ಇಲ್ಲಿತ್ತು. ಅದರ ಹೆಸರು ಕರಿಬಸವ.

ಕರಿಬಸವ ಜಡೆಮ್ಮನ ಮೈದುನ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವನು. ಈ ಕೆಲಸಕ್ಕೆ ಅರ್ಜಿ ಕರೆಯುವುದಿಲ್ಲ. ಕೇರಿ ನೋಡಿ ಕರೆಯುತ್ತಾರೆ. ಅವನ ಅಪ್ಪನನ್ನೂ ಹಾಗೆಯೇ ಕರೆದಿದ್ದರು.

ಅವನು ಅಂಗಿ ಕಳಚಿದ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡ. ಸೊಂಟಕ್ಕೆ ಹಗ್ಗ ಬಿಗಿದ. ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡ. ಇಳಿಯುವವರಿಗೆ ಇದೇ ಕವಚ. ಹೆಂಗಸರು ಸಲಾಕೆ ಹಾಕಿ ಚಪ್ಪಡಿ ಎಬ್ಬಿಸಿದರು. ಒಳಗಿಂದ ಬಂದ ವಾಸನೆಗೆ ಕಣ್ಣು ಉರಿದವು.

ಬಗ್ಗಿ ನೋಡಿದ ಕರಿಬಸವ ತಲೆ ಎತ್ತಿದ. "ಅತ್ತಿಗಿ, ಒಳಗ ಗಾಳಿ ಸರಿ ಇಲ್ಲ."

"ಸಂಜಿಕ ಬರತೈತಲ್ಲಪಾ, ಬೇಕಾದಷ್ಟು ಗಾಳಿ" ಎಂದ ತಿಪ್ಪೇರುದ್ರಪ್ಪ, ತನ್ನ ಮಾತಿಗೆ ತಾನೇ ನಕ್ಕ. ಜೊತೆಗೆ ಬಂದಿದ್ದ ಸಂಗಮೇಶನೂ ಸ್ವಲ್ಪ ನಗಬೇಕಾಯಿತು.

ಮನುಷ್ಯರನ್ನು ಹೀಗೆ ಇಳಿಸುವುದು ಕಾನೂನಿನ ಪ್ರಕಾರ ಅಪರಾಧ. ತಿಪ್ಪೇರುದ್ರಪ್ಪನಿಗೆ ಕಾನೂನು ಗೊತ್ತು. ಆದ್ದರಿಂದ ಅವನು ಯಾರನ್ನೂ ಇಳಿಸುವುದಿಲ್ಲ. ಚಪ್ಪಡಿ ತೆಗೆಸಿ ಮುಖ ಆಚೆ ತಿರುಗಿಸಿ ನಿಲ್ಲುತ್ತಾನೆ. ಇಳಿದವರು ತಾವೇ ಇಳಿದಿರುತ್ತಾರೆ.

ಕರಿಬಸವ ತಾನೇ ಇಳಿದ.

ಎದೆಮಟ್ಟ ರಾಡಿ. ಕಾಲಲ್ಲಿ ತಡಕಿ, ಮುಳುಗಿ, ಕೈಯಿಂದ ಬಗೆದು ಬಕೆಟ್ ತುಂಬಿದ. ಹೆಂಗಸರು ಎಳೆದರು. ಬಟ್ಟೆಯ ಚೂರು, ಮೂಳೆ, ಪ್ಲಾಸ್ಟಿಕ್, ಮಲ. ಎಳೆದಾಗಲೆಲ್ಲ ಬಕೆಟ್ಟಿನಿಂದ ಚೆಲ್ಲಿದ್ದು ಅವನ ತಲೆಯ ಮೇಲೇ ಬಿತ್ತು. ಅವನು ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸಲು ಒಣಗಿದ ಕೈಯೇ ಇರಲಿಲ್ಲ. ಜಡೆಮ್ಮನ ಅಂಗೈ ಹಗ್ಗಕ್ಕೆ ಸುಲಿದುಹೋದವು. ಸೀರೆ ಮೊಣಕಾಲಿನವರೆಗೆ ಕಪ್ಪಾಯಿತು. ಮೂಡಣದಲ್ಲಿ ಮೋಡವೂ ಕಪ್ಪಾಗುತ್ತಿತ್ತು.

"ಲಗೂ ಮಾಡ್ರಿ, ಮಳಿ ಬರತೈತಿ" ಎಂದ ತಿಪ್ಪೇರುದ್ರಪ್ಪ, ಆಚೆ ಮುಖ ಮಾಡಿಕೊಂಡೇ.

ಕೆಳಗೆ ಏನೋ ಪುಸ್ಸೆಂದಿತು. ಕರಿಬಸವ ಒಮ್ಮೆ ಕೆಮ್ಮಿದ. ಆಮೇಲೆ ಕೆಮ್ಮು ಕೇಳಲಿಲ್ಲ.

"ಕರಿಬಸವಾ."

ಬಕೆಟ್ ಅಲುಗಲಿಲ್ಲ.

ಜಡೆಮ್ಮ ಸೊಂಟದ ಹಗ್ಗ ಹಿಡಿದು ಎಳೆದಳು. ಎಲ್ಲರೂ ಎಳೆದರು. ಗಾದೆಪ್ಪ ಹೊಟ್ಟೆಯ ಮೇಲೆ ಮಲಗಿ ರಟ್ಟೆಗೆ ಕೈ ಹಾಕಿದ. ಎಣ್ಣೆ ಹಚ್ಚಿದ ಮೈ ಜಾರಿತು. ಮತ್ತೆ ಹಿಡಿದ. ಹೊರಗೆ ಎಳೆದು ಹಾಕಿದಾಗ ಕರಿಬಸವನ ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. ಜಡೆಮ್ಮ ಅವನ ಬಾಯಿಗೆ ಬೆರಳು ಹಾಕಿ ರಾಡಿ ತೆಗೆದಳು. ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಗುದ್ದಿದಳು. ಎಲ್ಲೋ ಆಳದಲ್ಲಿ ಉಸಿರು ಎಳೆದ ಸದ್ದಾಯಿತು.

ಗಾದೆಪ್ಪ ಅಂಬುಲೆನ್ಸಿಗೆ ಫೋನು ಹಚ್ಚಿದ. ತಿಪ್ಪೇರುದ್ರಪ್ಪ ಈಗ ಈಚೆ ತಿರುಗಿದ.

"ಕುಡದು ಬಂದಾನ. ಗಾಳಿಗೆ ಮಲಗಸ್ರಿ, ಎದ್ದೇಳತಾನ. ಏ ಜಡಿ, ನೀ ಇಳಿ. ನೀ ಸಣ್ಣಕದೀ. ಇನ್ನ ಸ್ವಲ್ಪ ಉಳದೈತಿ."

ಜಡೆಮ್ಮ ಮೈದುನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಲ್ಲಿಂದಲೇ ಮೇಲೆ ನೋಡಿದಳು.

"ಇಳಿಯೂದಿಲ್ಲ ಧಣಿ."

"ಏನಂದಿ?"

"ಇಳಿಯೂದಿಲ್ಲ. ಚರಂಡಿ ಕಡಿ ಹೋಗಬ್ಯಾಡ್ರಿ ಅಂತ ಮುಂಜಾನಿಂದ ಊರಿಗೆಲ್ಲ ಒದರೀನಿ. ಈಗ ನಾನ ಇಳದ್ರ ನನ್ನ ಮಾತಿಗೆ ಏನು ಬೆಲಿ?"

"ಅದು ಸಾರ್ವಜನಿಕರಿಗೆ ಹೇಳಿದ್ದು. ನೀವು ಸಿಬ್ಬಂದಿ."

"ಮೊನ್ನಿ ರೇನ್‌ಕೋಟ್ ಕೇಳಿದಾಗ ನೀವು ಸಿಬ್ಬಂದಿ ಅಲ್ಲ, ದಿನಗೂಲಿ ಅಂದ್ರಿ. ಈಗ ಸಾರ್ವಜನಿಕರೂ ಅಲ್ಲ ಅಂತೀರಿ. ಮತ್ತ ನಾವು ಏನ್ರಿ?" ಅವಳು ಸಂಗಮೇಶನ ಕಡೆ ತಿರುಗಿದಳು. "ಸಾರ್, ನೀವ ಹೇಳಿಕೊಟ್ಟೋರು. ಸಾರ್ವಜನಿಕರು ಅಂದ್ರ ಯಾರು?"

ಸಂಗಮೇಶ್ ಫೋನು ನೋಡಿಕೊಂಡ. ಅದರಲ್ಲಿ ಏನೂ ಬಂದಿರಲಿಲ್ಲ.

"ನಾಳಿಂದ ಕೆಲಸಕ್ಕ ಬರಬ್ಯಾಡ" ಎಂದ ತಿಪ್ಪೇರುದ್ರಪ್ಪ.

"ನಾಳಿದು ನಾಳಿಗೆ. ಇವತ್ತು ಇಳಿಯೂದಿಲ್ಲ. ಇವರ‍್ಯಾರೂ ಇಳಿಯೂದಿಲ್ಲ."

ಹೆಂಗಸರಲ್ಲೊಬ್ಬಳು ಹಗ್ಗ ಕೆಳಗೆ ಹಾಕಿದಳು. ಇನ್ನೊಬ್ಬಳು ಬಕೆಟ್ಟನ್ನು ಕಾಲಲ್ಲಿ ಒದ್ದಳು. ಅದು ಉರುಳಿ ಗುಂಡಿಗೆ ಬಿತ್ತು. ಬಿಳಿ ಪ್ಯಾಂಟಿಗೆ ಸಿಡಿಯಿತು. ತಿಪ್ಪೇರುದ್ರಪ್ಪ ಹಿಂದಕ್ಕೆ ಹಾರಿದ.

ಗಾದೆಪ್ಪ ಫೋನು ಇಳಿಸಿದ. "ಗಾಡಿ ಎಲ್ಲಾ ಗ್ರೌಂಡಿನಾಗ ಪ್ರದರ್ಶನಕ್ಕ ನಿಂತಾವಂತ ಅಕ್ಕಾ. ಕಾರ್ಯಕ್ರಮ ಮುಗದ ಮ್ಯಾಲ ಕಳಸ್ತಾರಂತ."

"ಹಂಗಾರ ನಾವ ಗ್ರೌಂಡಿಗೆ ಹೋಗೂನು. ದವಾಖಾನಿಗಿಂತ ಅದ ಹತ್ರ."

ಆಟೊದ ಹಿಂದಿದ್ದ ಕಸವನ್ನು ಅಲ್ಲೇ ರಸ್ತೆಗೆ ಸುರಿದರು. ಕರಿಬಸವನನ್ನು ಎತ್ತಿ ಮಲಗಿಸಿದರು. ಹೆಂಗಸರು ಸುತ್ತ ಹತ್ತಿ ಕೂತು ಅವನನ್ನು ಹಿಡಿದುಕೊಂಡರು. ಬಜಾರಿನ ದಾರಿ ಎಂದಿನಂತೆ ಕಟ್ಟಿ ನಿಂತಿತ್ತು, ಮನೆ ಬಿಟ್ಟು ಹೊರಬರಬಾರದ ಸಾರ್ವಜನಿಕರೆಲ್ಲ ತರಕಾರಿ ಕೊಳ್ಳಲು ಹೊರಬಂದಿದ್ದರು. ಜಡೆಮ್ಮ ಮೈಕು ತೆಗೆದುಕೊಂಡಳು. ಈ ಬಾರಿ ಯಾರೂ ಹೇಳಿಕೊಡಲಿಲ್ಲ.

"ದಾರಿ ಬಿಡ್ರಿ. ಕಸದ ಗಾಡ್ಯಾಗ ಮನಷ್ಯಾನ್ನ ಹಾಕ್ಕೊಂಡು ಬಂದೀವಿ. ಕಸ ಅಲ್ಲ, ಮನಷ್ಯಾ. ಉಸಿರು ಐತಿ. ದಾರಿ ಬಿಡ್ರಿ."

ಬಿಟ್ಟರು. ಮೂಗು ಮುಚ್ಚಿಕೊಂಡೇ ಆದರೂ ಬಿಟ್ಟರು. ಒಬ್ಬ ಬುರ್ಖಾದ ಮುದುಕಿ ತನ್ನ ತಳ್ಳುಗಾಡಿಯನ್ನೇ ಚರಂಡಿಯ ಅಂಚಿಗೆ ನೂಕಿ ಜಾಗ ಮಾಡಿದಳು.

ಗ್ರೌಂಡಿನಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಮೇಲೆ ದೊಡ್ಡ ಸಾಹೇಬರು, ಅವರ ಪಕ್ಕ ಪಕ್ಷದ ಶಾಲಿನವರು. ಒಂದು ಕಡೆ ಅಂಬುಲೆನ್ಸುಗಳ ಸಾಲು. ಇನ್ನೊಂದು ಕಡೆ ಚೆಂಡುಹೂವಿನ ಹಾರ ಹಾಕಿಸಿಕೊಂಡ ಮಷೀನ್ ಗಾಡಿ, ಟೇಬಲ್ಲಿನ ಮೇಲೆ ಮಾಸ್ಕು, ಬೂಟು, ಆಕ್ಸಿಜನ್ ಸಿಲಿಂಡರು. ಮೈಕಿನಲ್ಲಿ ಒಬ್ಬ, "ಈಗ ಅಣಕು ಕಾರ್ಯಾಚರಣೆ. ಅಪಾಯದಲ್ಲಿ ಸಿಲುಕಿದ ವ್ಯಕ್ತಿಯನ್ನು ರಕ್ಷಿಸುವ ಬಗೆ" ಎನ್ನುತ್ತಿದ್ದ. ಆಗಲೇ ಕಸದ ಆಟೊ ಒಳಗೆ ನುಗ್ಗಿತು. ಮೈಯೆಲ್ಲ ರಾಡಿಯಾದ ಹೆಂಗಸರು ರಾಡಿಯಾದ ಗಂಡಸನ್ನು ಹೊತ್ತು ಓಡಿ ಬಂದು ಟೇಬಲ್ಲಿನ ಮೇಲೆ ಮಲಗಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು.

"ಭಾಳ ನ್ಯಾಚುರಲ್ ಮಾಡ್ಯಾರ" ಎಂದ ಶಾಲಿನವನೊಬ್ಬ. ಸಾಹೇಬರೂ ತಲೆದೂಗಿದರು. ಆಮೇಲೆ ಗಾಳಿ ಆ ಕಡೆ ತಿರುಗಿತು. ವಾಸನೆ ವೇದಿಕೆ ಹತ್ತಿತು. ಚಪ್ಪಾಳೆ ಒಂದೊಂದೇ ನಿಂತಿತು.

ಟೇಬಲ್ಲಿನ ಹಿಂದೆ ನಿಂತಿದ್ದ ನರ್ಸ್ ಮೌನಿಕಾ ಕರಿಬಸವನ ಕತ್ತಿಗೆ ಬೆರಳಿಟ್ಟು ನೋಡಿದಳು. ಅವಳ ಮುಖ ಬದಲಾಯಿತು. "ಇದು ನಾಟಕ ಅಲ್ಲ."

ಜಡೆಮ್ಮ ಟೇಬಲ್ಲಿನ ಸಿಲಿಂಡರಿಗೆ ಕೈ ಹಾಕಿದಳು.

"ಅದು ಖಾಲಿ ಐತಿ ಅಮ್ಮಾ, ತೋರಿಸಾಕ ಇಟ್ಟಿದ್ದು. ಗಾಡ್ಯಾಗ ಐತಿ, ಎತ್ತರಿ, ಎತ್ತರಿ" ಎಂದಳು ಮೌನಿಕಾ.

ಅಂಬುಲೆನ್ಸಿಗೆ ಹಾಕಿದರು. ಮೌನಿಕಾ ಮುಖಕ್ಕೆ ಆಕ್ಸಿಜನ್ ಕೊಳವೆ ಇಟ್ಟಳು. ಕರಿಬಸವನ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಗಾದೆಪ್ಪ ಅವನ ಜೊತೆ ಹತ್ತಿಕೊಂಡ. ಅಂಬುಲೆನ್ಸು ಆಸ್ಪತ್ರೆಯ ಕಡೆ ಹೊರಟಿತು.

ಅದು ಗೇಟು ದಾಟುವವರೆಗೆ ನೋಡಿ ಜಡೆಮ್ಮ ಮಷೀನ್ ಗಾಡಿಯ ಮುಂದೆ ಬಂದು ನೆಲದ ಮೇಲೆ ಕೂತಳು. ಉಳಿದವರೂ ಕೂತರು.

ಸಾಹೇಬರು ಕರವಸ್ತ್ರ ಮೂಗಿಗಿಟ್ಟುಕೊಂಡು ಇಳಿದು ಬಂದರು. "ಆಸ್ಪತ್ರೆಗೆ ಕಳಿಸಿದ್ದೀವಲ್ಲಮ್ಮ. ಇನ್ನೇನು?"

"ಈ ಗಾಡಿ ದೊಡ್ಡ ಚರಂಡಿಗೆ ಹೋಗಬೇಕ್ರಿ."

"ಹೋಗತ್ತೆ. ಕಾರ್ಯಕ್ರಮ ಮುಗೀಲಿ. ನಾಳೆ ಬೆಳಿಗ್ಗೆ."

"ತುಫಾನು ಇವತ್ತು ಬರತೈತ್ರಿ. ನಾನ ಮೈಕಿನಾಗ ಹೇಳೀನಿ."

ಪತ್ರಿಕೆಯವರು ಹತ್ತಿರ ಬಂದಿದ್ದರು. ಫೋನುಗಳು ಮೇಲೆದ್ದಿದ್ದವು. ಸಾಹೇಬರು ಅವನ್ನು ನೋಡಿದರು, ಮೋಡ ನೋಡಿದರು. ಅಷ್ಟರಲ್ಲಿ ಕಾರಿನಲ್ಲಿ ಬಂದು ತಲುಪಿದ್ದ ತಿಪ್ಪೇರುದ್ರಪ್ಪನನ್ನೂ ಅವನ ಪ್ಯಾಂಟನ್ನೂ ನೋಡಿದರು. "ಗಾಡಿ ತೆಗೀರಿ" ಎಂದರು.

ಡ್ರೈವರ್ ಹತ್ತಿ ಕೀಲಿ ತಿರುಗಿಸಿದ. ಗಾಡಿ ನರಳಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಪ್ರದರ್ಶನಕ್ಕೆ ಬಿಟ್ಟು ಬೇರೆಲ್ಲಿಗೂ ಹೋಗದ ಗಾಡಿಯ ಬ್ಯಾಟರಿ ಸತ್ತಿತ್ತು.

"ನೂಕಬೇಕ್ರಿ ಸಾರ್" ಎಂದ ಡ್ರೈವರ್.

ನೂಕಬೇಕು ಎಂದ ಕೂಡಲೇ ಅಲ್ಲಿದ್ದವರ ಕಣ್ಣೆಲ್ಲ ತಾವಾಗಿಯೇ ನೆಲದ ಮೇಲೆ ಕೂತ ಹೆಂಗಸರ ಕಡೆ ಹೊರಳಿದವು. ಒಬ್ಬಳು ಅಭ್ಯಾಸಬಲದಿಂದ ಮೊಣಕಾಲಿಗೆ ಕೈ ಊರಿದಳು ಕೂಡ. ಜಡೆಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. ಎಲ್ಲರೂ ಸ್ವಲ್ಪ ಸರಿದು ಗಾಡಿಗೆ ದಾರಿ ಬಿಟ್ಟರು. ಜಡೆಮ್ಮ ಕಾಲು ನೀಡಿದಳು.

ಯಾರೂ ಅಲುಗಲಿಲ್ಲ. ದೂರದಲ್ಲಿ ಗುಡುಗಿತು.

ಕೊನೆಗೆ ಸಾಹೇಬರು ತಿಪ್ಪೇರುದ್ರಪ್ಪನ ಕಡೆ ಒಂದು ನೋಟ ಹರಿಸಿದರು. ಅವನು ಅಂಗಿಯ ತೋಳು ಮಡಚಿಕೊಂಡು ಗಾಡಿಯ ಹಿಂದೆ ಹೋದ. ಅವನ ಜೊತೆ ಬಂದಿದ್ದ ಸಂಗಮೇಶ್ ಹೋದ. ವೇದಿಕೆಯ ಮೇಲಿದ್ದ ಎಂಜಿನಿಯರು ಹೋದರು. ಶಾಲಿನವರು ಶಾಲು ಸೊಂಟಕ್ಕೆ ಕಟ್ಟಿಕೊಂಡರು. ಹನಿ ಬೀಳತೊಡಗಿತ್ತು. ಬಿಳಿ ಅಂಗಿಗಳು ಬೆನ್ನಿಗೆ ಅಂಟಿದವು. ಹೊಳೆಯುವ ಬೂಟುಗಳು ಮಣ್ಣಿನಲ್ಲಿ ಜಾರಿದವು. ತಿಪ್ಪೇರುದ್ರಪ್ಪ ಒಮ್ಮೆ ಮೊಣಕಾಲೂರಿ ಬಿದ್ದ, ಎದ್ದ, ಮತ್ತೆ ಹೆಗಲು ಕೊಟ್ಟ. ಗ್ರೌಂಡಿನ ಆ ಅಂಚಿನಿಂದ ಈ ಅಂಚಿಗೆ ನೂಕಿದರು. ಹೆಂಗಸರು ಮಳೆಯಲ್ಲಿ ನೆನೆಯುತ್ತ ಕೂತು ನೋಡಿದರು. ಬೇರೆಯವರು ಮೈ ಬಗ್ಗಿಸುವುದನ್ನು ಕೂತು ನೋಡುವುದು ಹೇಗಿರುತ್ತದೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚೆನ್ನಾಗಿರುತ್ತದೆ.

ಗೇಟಿನ ಹತ್ತಿರ ಎಂಜಿನ್ನು ಹಿಡಿಯಿತು. ಕಪ್ಪು ಹೊಗೆ ನೂಕುವವರ ಮುಖಕ್ಕೆ ಹೊಡೆಯಿತು. ಗಾಡಿ ಕೌಲ್ ಬಜಾರಿನ ಕಡೆ ತಿರುಗಿದ ಮೇಲೆ ಜಡೆಮ್ಮ ಎದ್ದಳು.

ಆ ರಾತ್ರಿ ಮಳೆ ಜೋರಾಗಿಯೇ ಬಂತು. ಚರಂಡಿ ಹರಿಯಿತು. ಮಂಟಪದ ಮದುವೆ ಸಾಂಗವಾಗಿ ನಡೆಯಿತು. ತಿಪ್ಪೇರುದ್ರಪ್ಪ ಹೇಳಿದ ಮಾತಿಗೆ ತಪ್ಪುವವನಲ್ಲ, ಜಡೆಮ್ಮನನ್ನು ಕೆಲಸದಿಂದ ಬಿಡಿಸಿದ. ಉಳಿದ ಹೆಂಗಸರು ಪೊರಕೆ ಮುಟ್ಟದೆ ಮನೆಯಲ್ಲಿ ಕೂತರು. ಮಳೆಯ ಕೊಳೆ ಬಾಗಿಲಿಗೆ ಬಂದು ನಾರತೊಡಗಿದಾಗ ಬಜಾರಿನವರೇ, ದಾಕ್ಷಾಯಣಿಯೂ ಸೇರಿ, ಆಫೀಸಿಗೆ ಹೋಗಿ ಗಲಾಟೆ ಮಾಡಿದರು. ಜಡೆಮ್ಮನನ್ನು ಕರೆಸಿ ಎಂದರು. ಅವಳ ಮೇಲಿನ ಪ್ರೀತಿಗೋ, ವಾಸನೆಯ ಮೇಲಿನ ಸಿಟ್ಟಿಗೋ, ಅದನ್ನು ಜಡೆಮ್ಮ ವಿಚಾರಿಸಲು ಹೋಗಲಿಲ್ಲ. ಕೆಲಸಕ್ಕೆ ಹೋದಳು. ಚಪ್ಪಡಿ ತೆಗೆಯುವುದಿಲ್ಲ ಎಂದು ಹೇಳಿಯೇ ಹೋದಳು.

ಆದರೆ ಅದೆಲ್ಲ ಆಮೇಲಿನ ಮಾತು. ಗ್ರೌಂಡಿನ ಘಟನೆಯ ಮರುದಿನ ಮುಂಜಾನೆ ಅವಳು ಆಸ್ಪತ್ರೆಯಲ್ಲಿ ಕರಿಬಸವನ ಮಂಚದ ಪಕ್ಕ ಕೂತಿದ್ದಳು. ಅವನು ಕಣ್ಣು ಬಿಟ್ಟಿದ್ದ, ದನಿ ಇನ್ನೂ ಬಂದಿರಲಿಲ್ಲ. ಗಾದೆಪ್ಪ ಚಹಾದ ಜೊತೆ ಪೇಪರು ತಂದ. ಮುಖಪುಟದಲ್ಲೇ ದೊಡ್ಡ ಫೋಟೊ. ಮಳೆಯಲ್ಲಿ ನೆನೆದು ಗಾಡಿ ನೂಕುತ್ತಿರುವ ಅಧಿಕಾರಿಗಳು, ಮುಂದೆಯೇ ತಿಪ್ಪೇರುದ್ರಪ್ಪ.

"ಏನು ಬರದಾರ? ಓದು."

ಗಾದೆಪ್ಪ ಓದಿದ. "ಚಂಡಮಾರುತ ಎದುರಿಸಲು ಜಿಲ್ಲೆ ಸಜ್ಜು. ಮಳೆಯನ್ನೂ ಲೆಕ್ಕಿಸದೆ ಗಣ್ಯರ ಶ್ರಮದಾನ."

"ನಾವು ಅದೀವೇನು ಫೋಟೊದಾಗ?"

ಗಾದೆಪ್ಪ ಪೇಪರನ್ನು ಬೆಳಕಿಗೆ ಹಿಡಿದು ಹುಡುಕಿದ. "ಇಲ್ಲಕ್ಕಾ. ನೂಕೋರು ಅಷ್ಟ ಅದಾರ."

ಜಡೆಮ್ಮ ಚಹಾ ಊದಿ ಒಂದು ಗುಟುಕು ಕುಡಿದಳು.

"ಖರೇ ಐತಿ ಬಿಡು" ಎಂದಳು. "ನಿನ್ನಿ ನಾವೇನು ಕೆಲಸ ಮಾಡಿಲ್ಲಲ್ಲ."